ಕಡಲ ಗಾಳಿಗೆ ಬಾಡಿಗೆ

ಮದರಾಸು ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಎರಡು ಸಂಗತಿಗಳು: ಒಂದು ಬಿಸಿಲು, ಇನ್ನೊಂದು ಸಮುದ್ರ. ಬಿಸಿಲನ್ನು ಬೈದವರೂ ಸಮುದ್ರವನ್ನು ಹೊಗಳಿಯೇ ಊರಿಗೆ ಮರಳುತ್ತಿದ್ದರು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸಿನ ಆಡಳಿತಕ್ಕೇ ಸೇರಿತ್ತಷ್ಟೆ. ಓದಿಗೆ, ಕೋರ್ಟಿನ ವ್ಯಾಜ್ಯಕ್ಕೆ, ಹೋಟೆಲಿನ ಕೆಲಸಕ್ಕೆ, ಗುಮಾಸ್ತೆಗಿರಿಗೆ ಎಂದು ನಮ್ಮವರು ಇಲ್ಲಿಗೆ ಬಂದರು. ಬಂದವರಲ್ಲಿ ಅನೇಕರು ಇಲ್ಲಿಯೇ ನೆಲಸಿದರು. ಈಗ ಊರಿನ ಹೆಸರು ಚೆನ್ನೈ. ಬಿಸಿಲು ಹಾಗೆಯೇ ಇದೆ. ಸಮುದ್ರವೂ ಇದೆ. ಅದರ ಗಾಳಿಗೆ ಮಾತ್ರ ಬೆಲೆ ಬಂದಿದೆ.

ನಾನು ಗಂಗೊಳ್ಳಿಯ ಕಡೆಯವನು. ಎಂಟು ವರ್ಷಗಳಿಂದ ಇಲ್ಲಿನ ಒಂದು ಕೇಂದ್ರ ಸರ್ಕಾರದ ಕಛೇರಿಯಲ್ಲಿ ಗುಮಾಸ್ತ. ಬಿಡಾರ ಐನಾವರದಲ್ಲಿ, ಅಂದರೆ ಅಲೆಯ ಸದ್ದು ಕೇಳಿಸದಷ್ಟು ಒಳಗೆ. ಕಡಲತಡಿಯಲ್ಲಿ ಹುಟ್ಟಿದವನಿಗೆ ಅದೊಂದು ಕೊರತೆಯೇ. ಆದ್ದರಿಂದ ಭಾನುವಾರ ಬೆಳಗಾಗುತ್ತಲೇ ಬಸ್ಸು ಹಿಡಿದು ದಂಡೆಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಕಾಲು ಹೋದಷ್ಟು ದೂರ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಮದರಾಸಿಗೆ ಬರುವ ವಾಚಕರಿಗೆ ಈ ನಡಿಗೆಯನ್ನು ಶಿಫಾರಸು ಮಾಡುತ್ತೇನೆ. ಖರ್ಚಿಲ್ಲ, ಕಲಿಯುವುದು ಬಹಳ.

ಮರೀನಾದ ಅಗಲವಾದ ಮರಳು ಅನಾದಿಯಿಂದ ಇದ್ದುದಲ್ಲ. 19ನೆಯ ಶತಮಾನದ ಕೊನೆಗೆ ಬಂದರು ಕಟ್ಟಲು ಸಮುದ್ರದೊಳಕ್ಕೆ ಕಲ್ಲಿನ ಗೋಡೆ ಚಾಚಿದರು. ದಕ್ಷಿಣದಿಂದ ಉತ್ತರಕ್ಕೆ ಸರಿಯುವ ಮರಳು ಆ ಗೋಡೆಗೆ ತಡೆದು ನಿಂತಿತು, ದಂಡೆ ಬೆಳೆಯಿತು. 1881ರಿಂದ 1886ರವರೆಗೆ ಗವರ್ನರಾಗಿದ್ದ ಗ್ರಾಂಟ್ ಡಫ್ ಸಾಹೇಬರು ಅಲ್ಲಿ ವಿಹಾರದ ಹಾದಿ ಮಾಡಿಸಿ, ಇಟಲಿಯ ನೆನಪಿಗೆ ಮರೀನಾ ಎಂದು ಹೆಸರಿಟ್ಟರು. ಅತ್ತ ಬಂದರಿನ ಉತ್ತರಕ್ಕೆ, ರಾಯಪುರದ ಕಡೆ, ಮರಳು ಸಿಕ್ಕದೆ ಸಮುದ್ರವು ದಂಡೆಯನ್ನೇ ಕೊರೆಯಿತು. ಅಲ್ಲಿ ಈಗ ಕಾಣುವುದು ಅಲೆ ತಡೆಯಲು ಸುರಿದ ಕಲ್ಲಿನ ರಾಶಿ. ಉತ್ತರದಲ್ಲಿರುವುದೂ ಇದೇ ಬಂಗಾಳ ಕೊಲ್ಲಿಯೇ. ಆದರೆ ಕಾಸಿಮೇಡಿನ ಮನೆಗೆ 'ಸಮುದ್ರ ಕಾಣುವ ಮನೆ' ಎಂದು ಹೆಚ್ಚಿನ ಬಾಡಿಗೆ ಕೇಳುವವರನ್ನು ನಾನು ಕಂಡಿಲ್ಲ. ಬೆಲೆ ಇರುವುದು ನೀರಿಗಲ್ಲ, ನೆರೆಹೊರೆಗೆ ಎಂಬುದು ಇದರಿಂದಲೇ ತಿಳಿಯುತ್ತದೆ.

ದೀಪಸ್ತಂಭವನ್ನು ದಾಟಿದರೆ ನೊಚ್ಚಿಕುಪ್ಪಂ. ನೊಚ್ಚಿ ಎಂದರೆ ನಮ್ಮ ಲಕ್ಕಿ ಗಿಡ. ಕುಪ್ಪಂ ಎಂದರೆ ಮೀನುಗಾರರ ಕೇರಿ. ದಂಡೆಯ ಉದ್ದಕ್ಕೂ ಹೀಗೆ ಹಲವು ಕುಪ್ಪಗಳಿವೆ. ದೋಣಿಗಳು ಮರಳಿನ ಮೇಲೆ, ಬಲೆಗಳು ದೋಣಿಯ ಮೇಲೆ, ಮಕ್ಕಳು ಬಲೆಯ ಮೇಲೆ. ಇವರಿಗೂ ನಗರದ ಅಂದಕ್ಕೂ ತಿಕ್ಕಾಟ ಹಳೆಯದು. 1985ರಲ್ಲಿ ಮರೀನಾದ ಸೌಂದರ್ಯಕ್ಕೆ ಅಡ್ಡಿಯೆಂದು ದೋಣಿ ಬಲೆಗಳನ್ನು ತೆಗೆಸಲು ಸರ್ಕಾರ ಹೊರಟಿತು. ಗಲಭೆಯಾಗಿ, ಪೋಲೀಸರ ಗುಂಡಿಗೆ ಮೀನುಗಾರರು ಪ್ರಾಣ ತೆತ್ತರು. 2023ರ ಏಪ್ರಿಲಿನಲ್ಲಿ ಇಲ್ಲಿನ ಲೂಪ್ ರಸ್ತೆಯ ಮೀನಂಗಡಿಗಳಿಂದ ವಾಹನಗಳಿಗೆ ತೊಂದರೆಯೆಂದು ಹೈಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅಂಗಡಿಗಳನ್ನು ಎಬ್ಬಿಸಿದಾಗ ಮೀನುಗಾರರು ರಸ್ತೆಗೆ ದೋಣಿಗಳನ್ನು ಅಡ್ಡವಿಟ್ಟು ಕುಳಿತರು. 2024ರಲ್ಲಿ ಅಲ್ಲಿಯೇ ಹೊಸ ಮೀನು ಮಾರುಕಟ್ಟೆ ತೆರೆಯಿತು. ಮಾಡು ಇದೆ, ಕಟ್ಟೆ ಇದೆ. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು.

ಅಲ್ಲಿ ನಾನು ವಾಡಿಕೆಯಾಗಿ ಮೀನು ಕೊಳ್ಳುವ ಹೆಂಗಸೊಬ್ಬಳಿದ್ದಾಳೆ. ನಮ್ಮ ತಾಯಿಯ ವಯಸ್ಸು. ನಮ್ಮೂರಿನ ಅಂಜಲನ್ನು ಅವರು ವಂಜಿರಂ ಎನ್ನುತ್ತಾರೆ, ಅದನ್ನು ತುಂಡು ಮಾಡುತ್ತಾ ಆಕೆ ಒಮ್ಮೆ ಹೇಳಿದಳು: "ನಾವು ರಸ್ತೆಗೆ ಬಂದು ಕೂತವರಲ್ಲ, ತಂಬಿ. ರಸ್ತೆಯೇ ನಮ್ಮ ಬಾಗಿಲಿಗೆ ಬಂತು. ಮಾರುವುದಕ್ಕೆ ಕಟ್ಟೆ ಕೊಟ್ಟರು, ಸಂತೋಷ. ಬಲೆ ಒಣಗಿಸುವುದಕ್ಕೆ ಎಲ್ಲಿ ಹೋಗೋಣ?"

"ಸಮುದ್ರ ಇದೆಯಲ್ಲ ಅಕ್ಕ, ಅದನ್ನು ಯಾರು ಒಯ್ಯುತ್ತಾರೆ?" ಎಂದೆ.

"ಸಮುದ್ರವನ್ನು ಒಯ್ಯುವುದಿಲ್ಲ, ನಮ್ಮನ್ನು ಒಯ್ಯುತ್ತಾರೆ" ಎಂದಳು.

ಆ ಮಾತು ಬರಿಯ ಭಯದ್ದಲ್ಲ. 2000ದ ಇಸವಿಯಿಂದ ನಗರದ ಗುಡಿಸಲುವಾಸಿಗಳಿಗೆಂದು ದಕ್ಷಿಣದ ಹೊರವಲಯದಲ್ಲಿ ಕಣ್ಣಗಿ ನಗರವೆಂಬ ದೊಡ್ಡ ವಸತಿ ಎದ್ದಿತು. 2004ರ ಡಿಸೆಂಬರಿನ ಸುನಾಮಿಯ ಅನಂತರ ಕಡಲತಡಿಯ ಅನೇಕ ಕುಟುಂಬಗಳನ್ನು ಇನ್ನೂ ದೂರದ ಸೆಮ್ಮಂಚೇರಿಗೆ ಸಾಗಿಸಿದರು. ಗಟ್ಟಿ ಗೋಡೆ ದೊರೆಯಿತು. ಕೆಲಸ, ಶಾಲೆ, ಸಮುದ್ರ ಮೂರೂ ದೂರವಾದವು. ಮರೀನಾದಲ್ಲಿ ಕಣ್ಣಗಿಯ ವಿಗ್ರಹವೊಂದಿದೆ. 2001ರಲ್ಲಿ ಅದನ್ನು ತೆಗೆದಿದ್ದರು, ಊರೆಲ್ಲ ಕೂಗಾಡಿತು, 2006ರಲ್ಲಿ ತಂದು ಮತ್ತೆ ನಿಲ್ಲಿಸಿದರು. ಆಕೆಯ ಹೆಸರಿನ ನಗರಕ್ಕೆ ಹೋದ ಜನರನ್ನು ಹಾಗೆ ಯಾರೂ ಹಿಂದಕ್ಕೆ ಕರೆತರಲಿಲ್ಲ.

ನಡಿಗೆ ಮುಂದುವರಿಸಿದರೆ ಅಡ್ಯಾರು ನದಿಯ ಅಳಿವೆ. ಮೀನುಗಾರರು ಆಚೆ ಈಚೆ ಹೋಗಲೆಂದು ಕಟ್ಟಿದ ಸಣ್ಣ ಸೇತುವೆ 1977ರಲ್ಲಿ ಕುಸಿಯಿತು, ಮತ್ತೆ ಕಟ್ಟಲಿಲ್ಲ. ಊರನ್ನು ಬಳಸಿ ದೊಡ್ಡ ಸೇತುವೆ ದಾಟಿ ಆಚೆ ಸೇರಬೇಕು. ಅಲ್ಲಿ ಊರೂರು ಆಲ್ಕಾಟ್ ಕುಪ್ಪಂ, ಅದಕ್ಕೆ ಅಂಟಿಕೊಂಡೇ ಬೆಸಂಟ್ ನಗರ. ಆಲ್ಕಾಟರೂ ಆನಿ ಬೆಸಂಟರೂ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಗೆ ಒಬ್ಬರ ಅನಂತರ ಒಬ್ಬರು ಅಧ್ಯಕ್ಷರಾಗಿದ್ದವರು. ಒಬ್ಬರ ಹೆಸರು ಕುಪ್ಪಕ್ಕೆ ಬಂತು, ಇನ್ನೊಬ್ಬರದು ನಗರಕ್ಕೆ. ಕುಪ್ಪದವರು ಹಳಬರು, ನಗರವು ಹೌಸಿಂಗ್ ಬೋರ್ಡಿನವರು ನಿವೇಶನ ಹಂಚಿದ ಮೇಲೆ ಬೆಳೆದದ್ದು. ಎರಡಕ್ಕೂ ಕೆಲವೇ ಮಾರು ದೂರ. ಆದರೆ ನಗರದ ಬಹು ಮಂದಿ ಕುಪ್ಪದೊಳಕ್ಕೆ ಕಾಲಿಟ್ಟವರಲ್ಲ. ಇದಕ್ಕಾಗಿಯೇ ಗಾಯಕ ಟಿ. ಎಂ. ಕೃಷ್ಣ ಮತ್ತು ಅವರ ಸ್ನೇಹಿತರು 2015ರಲ್ಲಿ ಕುಪ್ಪದೊಳಗೇ ಸಂಗೀತ ನೃತ್ಯಗಳ ಉತ್ಸವವನ್ನು ಆರಂಭಿಸಿದರು. ಸಭಾಂಗಣದ ರಸಿಕರು ಮೀನು ಒಣಗುವ ಕಡೆ ಕುಳಿತು ಕಚೇರಿ ಕೇಳಿದರು.

ಈ ಬೆಸಂಟ್ ನಗರದಲ್ಲಿ ಒಂದು ಮನೆ ಖಾಲಿಯಿದೆ, ಮನೆಯವರು ನಮ್ಮ ಕಡೆಯವರೇ ಎಂದು ಸ್ನೇಹಿತರು ತಿಳಿಸಿದರು. ನನ್ನ ಹೆಂಡತಿಗೆ ಆಸೆಯಾಯಿತು; ಇಬ್ಬರೂ ಹೋದೆವು. ಹಿರಿಯರು ಉಡುಪಿಯ ಕಡೆಯವರು, ಬಲು ವಿಶ್ವಾಸದಿಂದ ಮಾತನಾಡಿಸಿದರು. ಎರಡು ಕೋಣೆ, ಒಂದು ಜಗಲಿ. ಜಗಲಿಯಿಂದ ನೋಡಿದರೆ ಅಲೆಗಳು, ದೋಣಿಗಳು. ಕಾಫಿಯೂ ಬಂತು. ಆಮೇಲೆ ಅವರು ಸ್ವರ ತಗ್ಗಿಸಿ, "ನಿಮ್ಮಲ್ಲಿ ಊಟ ಹೇಗೆ?" ಎಂದರು. ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ ಎನ್ನುವಷ್ಟು ಪೆದ್ದ ನಾನಲ್ಲ. "ಮೀನು ತಿನ್ನುವವರು" ಎಂದೆ.

"ತಪ್ಪು ತಿಳಿಯಬೇಡಿ ಮಾರಾಯ್ರೇ. ನಮಗೇನೂ ಇಲ್ಲ. ಅಕ್ಕಪಕ್ಕದವರಿಗೆ ವಾಸನೆ ಆಗುವುದಿಲ್ಲ" ಎಂದರು. ಹಾಗೆನ್ನುವಾಗ ಕಿಟಕಿಯಿಂದ ತಂಪಾಗಿ ಗಾಳಿ ಬೀಸುತ್ತಿತ್ತು. ಅದರಲ್ಲಿ ಒಣಮೀನಿನ ವಾಸನೆ ಸಾಕಷ್ಟು ಇತ್ತು. ಅದನ್ನು ಅವರು ಬಾಡಿಗೆಯಲ್ಲಿ ಸೇರಿಸಿದ್ದರು.

ಬಾಡಿಗೆ ತಿಂಗಳಿಗೆ 35,000 ರೂಪಾಯಿ. ಮೇಲ್ದರ್ಜೆ ಗುಮಾಸ್ತನಿಗೆ ಏಳನೆಯ ವೇತನ ಆಯೋಗವು ಗೊತ್ತುಮಾಡಿದ ಮೂಲವೇತನ 25,500ರಿಂದ ಮೊದಲಾಗುತ್ತದೆ. 2024ರ ಜನವರಿಯಿಂದ ಚೆನ್ನೈಯಂಥ ಊರಿನಲ್ಲಿ ಮನೆ ಬಾಡಿಗೆಯ ಭತ್ಯೆ ಮೂಲವೇತನದ ನೂರಕ್ಕೆ 30, ಅಂದರೆ 7,650. ವರ್ಷವರ್ಷದ ಬಡ್ತಿಗಳನ್ನು ಕೂಡಿಸಿದರೂ ಈ ಬಾಬ್ತು ನನ್ನ ಕೈಗೆ 10,000 ಬರುವುದಿಲ್ಲ. ಇನ್ನು ಮುಂಗಡ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಡುವುದು ಮದರಾಸಿನ ಹಳೆಯ ರೂಢಿ. 2019ರಲ್ಲಿ ಜಾರಿಗೆ ಬಂದ ಕಾನೂನು, ಬೇರೆ ಒಪ್ಪಂದವಿಲ್ಲದಿದ್ದರೆ ಮೂರು ತಿಂಗಳದು ಸಾಕು ಎನ್ನುತ್ತದೆ. 'ಬೇರೆ ಒಪ್ಪಂದ' ಎಂಬ ಎರಡು ಪದಗಳೊಳಗೆ ಉಳಿದ ಏಳು ತಿಂಗಳೂ ಅಡಗಿ ಕುಳಿತಿವೆ. ಆದ್ದರಿಂದ ಹಿರಿಯರು ಒಪ್ಪಿದ್ದರೂ ಆ ಮನೆ ನಮಗೆ ಒಗ್ಗುತ್ತಿರಲಿಲ್ಲ. ಹಣದ ಕಾರಣಕ್ಕೆ ಮನೆ ತಪ್ಪಿದ್ದರೆ ನನ್ನ ಹೆಂಡತಿ ಒಂದು ದಿನದಲ್ಲಿ ಮರೆಯುತ್ತಿದ್ದಳು. ವಾಸನೆಯ ಕಾರಣವನ್ನು ಇನ್ನೂ ಮರೆತಿಲ್ಲ.

ಅವಳ ನೋವು ಒಂದು ಮನೆಯದು. ಕುಪ್ಪದವರದು ಇಡೀ ದಂಡೆಯದು. ಎರಡರ ಬೇರೂ ಒಂದೇ ಎಂದು ನನಗೆ ತೋರುತ್ತದೆ. ಸಮುದ್ರ ಬೇಕು, ಸಮುದ್ರದ ಜನ ಬೇಡ; ಗಾಳಿ ಬೇಕು, ಗಾಳಿಯಲ್ಲಿರುವುದು ಬೇಡ. ಹೀಗೆ ಯಾರು ಬೇಡವೆಂದು ತೀರ್ಮಾನಿಸಿದ ಮೇಲೆಯೇ ಒಂದು ಜಾಗದ ಬೆಲೆ ಏರುವುದು. ಅದು ಏರಿದ ಮೇಲೆ, ಬೇಡವೆಂದವರ ಮಕ್ಕಳಿಗೂ ಅಲ್ಲಿ ಮನೆ ಎಟುಕುವುದಿಲ್ಲ. ಬೆಸಂಟ್ ನಗರದ ಹಳೆಯ ಮನೆಗಳನ್ನು ಕೆಡವಿ ಮಹಡಿಗಳನ್ನು ಎಬ್ಬಿಸುವಾಗ ಅಲ್ಲಿಯೇ ಬೆಳೆದ ಹುಡುಗರು ತಾಂಬರಂ ಕಡೆ ಮನೆ ಹುಡುಕುವುದನ್ನು ನಮ್ಮ ಕಛೇರಿಯಲ್ಲಿಯೇ ಕಂಡಿದ್ದೇನೆ.

ಇದರಲ್ಲಿ ಕನ್ನಡಿಗರಾದ ನಮಗೇನು ಸಂಬಂಧ ಎಂದು ಕೇಳಬಹುದು. ಕಡಂದಲೆಯಿಂದ ಬರಿಗೈಯಲ್ಲಿ ಬಂದ ಕೃಷ್ಣರಾಯರು 1938ರಲ್ಲಿ ರಾಯಪೇಟೆಯ ಒಂದು ಬಂಗಲೆಯನ್ನು ಬಾಡಿಗೆಗೆ ಹಿಡಿದು ಹೋಟೆಲು ನಡೆಸಿದರು. ಬಂಗಲೆಯ ಹೆಸರೇ ಹೋಟೆಲಿಗೂ ಆಯಿತು: ವುಡ್‌ಲ್ಯಾಂಡ್ಸ್. ಈ ಊರಿನಲ್ಲಿ ನಮ್ಮವರ ದೊಡ್ಡ ಹೆಸರು ಹುಟ್ಟಿದ್ದು ಒಂದು ಬಾಡಿಗೆ ಮನೆಯಲ್ಲಿ. 1962ರಲ್ಲಿ ಅವರು ಕೆಥೆಡ್ರಲ್ ರಸ್ತೆಯಲ್ಲಿ ಡ್ರೈವ್-ಇನ್ ತೆರೆದರು. ಕಾರಿನಲ್ಲಿ ಬಂದವರಿಗೂ ನಡೆದು ಬಂದವರಿಗೂ ಅಲ್ಲಿ ಅದೇ ಕಾಫಿ. ಅದೂ ಹಿಡುವಳಿಯ ನೆಲವಲ್ಲ. 2008ರಲ್ಲಿ ಬಿಡಬೇಕಾಯಿತು, ಈಗ ಅಲ್ಲಿ ಸೆಮ್ಮೊಳಿ ಉದ್ಯಾನವಿದೆ. ನೆಲೆ ತಪ್ಪುವುದೆಂದರೇನು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಸಣ್ಣ ಸಲಹೆಯೊಡನೆ ಮುಗಿಸುತ್ತೇನೆ. ನಮ್ಮ ಸಂಘಗಳ ಸೂಚನಾ ಫಲಕಗಳಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಚೀಟಿಗಳು ಆಗಾಗ ಕಾಣುತ್ತವೆ. ಅವುಗಳ ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಸಾಲೂ ಇರುತ್ತದೆ. ಮನೆ ಅವರವರದು, ಒತ್ತಾಯ ಸಲ್ಲದು. ಆದರೆ ಫಲಕ ಸಂಘದ್ದು. ಅಲ್ಲಿ ಆ ಒಂದು ಸಾಲನ್ನು ಬರೆಯಗೊಡದಿದ್ದರೆ, ಕುಂದಾಪುರದಿಂದಲೋ ಕಾರವಾರದಿಂದಲೋ ಹೊಸದಾಗಿ ಬಂದು ಮನೆ ಹುಡುಕುವ ಹುಡುಗನೊಬ್ಬ ಪೂರ್ತಿ ಓದಿ, ವಿಳಾಸ ಬರೆದುಕೊಂಡು ಹೋದಾನು. ಕಾರ್ಯಕಾರಿ ಸಮಿತಿಯವರು ಯೋಚಿಸಬೇಕು.