ಪಡುವಣ ಕಿಟಕಿಗೆ ಏನು ಹಾಕುವುದು?

ನಮ್ಮ ರಾಯಚೂರು ಕಡೆ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಪಾರ್ಶ್ವವಾಯುವಾಗಿ ಮಲಗಿರುವ ಅಪ್ಪನ ಕೋಣೆಗೆ ಇರುವುದು ಪಡುವಣ ದಿಕ್ಕಿನ ಒಂದೇ ಕಿಟಕಿ. ಬಟ್ಟೆ ಪರದೆ ಎಳೆದರೆ ಗಾಳಿ ಬರುವುದಿಲ್ಲ, ಸರಿಸಿದರೆ ಬಿಸಿಲು ನೇರ ಮಂಚದ ಮೇಲೆ.

ಪೇಟೆಯಲ್ಲಿ ಮರದ ಬ್ಲೈಂಡ್ಸ್ ನೋಡಿದೆ. ಚೆಂದ ಇವೆ. ಪಟ್ಟಿ ತಿರುಗಿಸಿ ಬೆಳಕು ಹೆಚ್ಚು ಕಡಿಮೆ ಮಾಡಬಹುದು. ಆದರೆ ಅವು ತೂಗುವುದು ಒಳಗೆ. ಅಷ್ಟರಲ್ಲಿ ಕಾವು ಗಾಜು ದಾಟಿ ಬಂದಿರುತ್ತದೆ. ಒಂದೊಂದು ಪಟ್ಟಿಯ ಧೂಳೂ ಒರೆಸಬೇಕು, ಅದಕ್ಕಿರುವವಳು ಅವ್ವ ಒಬ್ಬಳೇ.

ಮೇದಾರರಿಗೆ ಅಳತೆ ಕೊಟ್ಟು ಬಿದಿರಿನ ಪರದೆ ಮಾಡಿಸಿ, ಸಜ್ಜಾದ ಕೆಳಗೆ ಹೊರಗಡೆಯೇ ಕಟ್ಟಿದೆವು. ಬಿಸಿಲು ಹೊರಗೇ ನಿಲ್ಲುತ್ತದೆ, ಸಂದಿಯಲ್ಲಿ ಗಾಳಿ ಆಡುತ್ತದೆ. ಮಳೆಗಾಲದಲ್ಲಿ ಸುತ್ತಿ ಒಳಗಿಡಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ನೀವೂ ಅಂಗಡಿಗೆ ಹೋಗುವ ಮುನ್ನ ಕಿಟಕಿ ಯಾವ ದಿಕ್ಕಿಗಿದೆ, ಆ ಕೋಣೆಯಲ್ಲಿ ಯಾರಿರುತ್ತಾರೆ ನೋಡಿಕೊಳ್ಳಿ. ಬಣ್ಣ, ವಿನ್ಯಾಸ ಆಮೇಲೆ.