ಚನ್ನಪಟ್ಟಣದ ತೂಗುದೀಪ

ರಾಮನಗರದ ಬಂಡೆಬೆಟ್ಟಗಳು ಹಿಂದೆ ಸರಿದು, ತೆಂಗಿನ ತೋಟಗಳೂ ಹಿಪ್ಪುನೇರಳೆಯ ಹೊಲಗಳೂ ಕಣ್ಣಿಗೆ ಬೀಳತೊಡಗಿದವೆಂದರೆ, ಮೈಸೂರಿನ ರೈಲಿನಲ್ಲಿ ಕುಳಿತ ಪ್ರಯಾಣಿಕನು ಚನ್ನಪಟ್ಟಣವು ಸಮೀಪಿಸಿತೆಂದು ತಿಳಿಯಬಹುದು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದ ಈ ಊರಿಗೆ 'ಗೊಂಬೆಗಳ ಊರು' ಎಂಬ ಹೆಸರು ಬಂದು ಬಹುಕಾಲವಾಯಿತು. ಹಳೆಯ ಹೆದ್ದಾರಿಯ ಎರಡೂ ಮಗ್ಗುಲಲ್ಲಿ ಗೊಂಬೆಯಂಗಡಿಗಳ ಸಾಲು. ತಲೆಯಾಡಿಸುವ ದಂಪತಿಗಳು, ದಾರವೆಳೆದರೆ ಉರುಳುವ ಬಂಡಿಗಳು, ಬುಗುರಿ, ಗಿಲಕಿ, ಕುಂಕುಮದ ಭರಣಿ. ಎಲ್ಲವೂ ಹಳದಿ, ಕೆಂಪು, ಹಸುರು ಬಣ್ಣಗಳಿಂದ ಥಳಥಳಿಸುತ್ತ ದಾರಿಹೋಕರನ್ನು ಕೈಬೀಸಿ ಕರೆಯುತ್ತವೆ.

ಈಗ ಅಲ್ಲಿ ನಿಲ್ಲುವ ದಾರಿಹೋಕರು ಮಾತ್ರ ಮೊದಲಿನಷ್ಟಿಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯು ಊರನ್ನು ಹೊರಗಿನಿಂದಲೇ ಬಳಸಿ ಸಾಗುತ್ತದೆ. ಕಾಫಿಗೆಂದು ಇಳಿದು, ಮಗುವಿಗೆಂದು ಒಂದು ಬುಗುರಿಯನ್ನು ಕೊಂಡು ಮತ್ತೆ ಕಾರನ್ನೇರುತ್ತಿದ್ದ ಸಂಸಾರಗಳು ಈಗ ಚನ್ನಪಟ್ಟಣವು ಬಂದುದನ್ನೂ ಹೋದುದನ್ನೂ ಅರಿಯದೆ ಮಂಡ್ಯವನ್ನು ದಾಟಿಬಿಡುತ್ತವೆ. ದಾರಿಯನ್ನು ನಂಬಿದ್ದ ವ್ಯಾಪಾರಕ್ಕೆ ಇದು ಸಣ್ಣ ಪೆಟ್ಟಲ್ಲ. ಆದರೂ ಕೆಲಸ ಮಾಡಿ ಬಲ್ಲ ಕೈಗಳು ಸುಮ್ಮನೆ ಕೂರುವುದಿಲ್ಲ. ಊರೊಳಗಿನ ಬೀದಿಗಳಲ್ಲೂ ಕುಶಲಕರ್ಮಿಗಳ ಬಡಾವಣೆಯಾದ ಕಲಾನಗರದಲ್ಲೂ ನಡೆದರೆ, ಬುಗುರಿ-ಬಂಡಿಗಳ ನಡುವೆ ಇನ್ನೊಂದು ವಸ್ತುವು ಕಾಣಸಿಗುತ್ತದೆ. ಕವುಚಿಟ್ಟ ಬಟ್ಟಲಿನಂತೆ, ಕೆಲವೊಮ್ಮೆ ಗಂಟೆಯಂತೆ, ಕೆಲವೊಮ್ಮೆ ಬುಗುರಿಯನ್ನೇ ತಲೆಕೆಳಗು ಮಾಡಿದಂತೆ ಆಕಾರ. ನೆತ್ತಿಯಲ್ಲಿ ಒಂದು ದುಂಡು ತೂತು. ಅದು ಪೇಟೆಯ ಮಾತಿನಲ್ಲಿ ಶೇಡು ಎನಿಸಿಕೊಳ್ಳುವ ದೀಪದ ಕೊಡೆ. ಮನೆಯ ಸೂರಿನಿಂದ ತೂಗುಬಿಡುವ ವಿದ್ಯುದ್ದೀಪಕ್ಕೆ ತೊಡಿಸುವ ಮರದ ಟೋಪಿ.

ಹಾಲೆ ಮರವೂ ಅರಗೂ

ಚನ್ನಪಟ್ಟಣದ ಕೆಲಸಕ್ಕೆ ಎರಡು ಮೂಲದ್ರವ್ಯಗಳು: ಮರ ಮತ್ತು ಅರಗು. ಮರವೆಂದರೆ ಮುಖ್ಯವಾಗಿ ಹಾಲೆ ಮರ. ಅಲ್ಲಿನವರ ಬಾಯಲ್ಲಿ ಆಲೆ ಮರ. ಎಲೆಯನ್ನು ಕಿತ್ತರೆ ಹಾಲು ಸುರಿಸುವ ಈ ಮರದ ತಿರುಳು ದಂತದಂತೆ ಬಿಳುಪು. ಎಳೆ ನಯವಾದುದು, ಉಳಿಗೆ ಒಗ್ಗುವಂಥದು. ಕಡಿದ ದಿಮ್ಮಿಗಳನ್ನು ನೆರಳಿನಲ್ಲಿಟ್ಟು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಹಸಿ ಮರವನ್ನು ಕಡೆದರೆ ಅದು ಮುಂದೆ ಒಣಗುತ್ತ ಬಿರುಕು ಬಿಡುವುದು ಖಂಡಿತ.

ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ, ಉಳಿಯಿಂದ ಹೊರಮೈಯನ್ನು ದುಂಡಗೆ ಮಾಡಿ, ಬಳಿಕ ಒಳಗನ್ನು ತೋಡುತ್ತಾರೆ. ಆಮೇಲೆ ಬಣ್ಣದ ಸರದಿ. ಇಲ್ಲಿ ಕುಂಚವೂ ಇಲ್ಲ, ಡಬ್ಬಿಯೂ ಇಲ್ಲ. ಅರಿಸಿನ, ನೀಲಿ, ಕಾಚು ಮುಂತಾದುವುಗಳ ಬಣ್ಣವನ್ನು ಅರಗಿನೊಡನೆ ಕಲಸಿ ಕಡ್ಡಿಗಳಾಗಿ ಮಾಡಿಟ್ಟಿರುತ್ತಾರೆ. ಗಿರಗಿರನೆ ತಿರುಗುವ ಮರಕ್ಕೆ ಕಡ್ಡಿಯನ್ನು ಒತ್ತಿ ಹಿಡಿದರೆ ಸಾಕು. ಉಜ್ಜಾಟದಿಂದ ಹುಟ್ಟುವ ಬಿಸಿಯೇ ಅರಗನ್ನು ಕರಗಿಸಿ ಮರದ ಮೈಗೆ ಅಂಟಿಸುತ್ತದೆ. ಕಡೆಗೆ ಕೇದಗೆ ಜಾತಿಯ ಗಿಡದ ಒಣಗರಿಯನ್ನು ಒತ್ತಿ ಎಳೆದಾಗ ಬಣ್ಣವು ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ನೋಡುವವರಿಗೆ ಇದೆಲ್ಲ ಗಳಿಗೆಯ ಆಟ. ಕಲಿತವರಿಗೆ ವರ್ಷಗಳ ಸಾಧನೆ.

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯದಿಂದ ಬಂದ ಕಸುಬುದಾರರು ಈ ವಿದ್ಯೆಯನ್ನು ಇಲ್ಲಿಯವರಿಗೆ ಕಲಿಸಿದರೆಂಬುದು ಪ್ರತೀತಿ. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ರೀತಿಯನ್ನು ಅಳವಡಿಸಿ ಕಸುಬಿಗೆ ಹೊಸ ಜೀವ ತುಂಬಿದ ಬಾವಾಸ್ ಮಿಯಾನ್ ಅವರನ್ನು ಊರು ಇಂದಿಗೂ ಗೌರವದಿಂದ ನೆನೆಯುತ್ತದೆ. 2005-06ರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಅರಗಿಗೂ ದೀಪಕ್ಕೂ ಇದ್ದ ಹಗೆ

ಇಷ್ಟು ಚೆಲುವಾದ ಮರಗೆಲಸವಿದ್ದ ಊರಿನಲ್ಲಿ ದೀಪದ ಕೊಡೆಗಳು ಹಿಂದೆಯೇ ಏಕೆ ಮನೆಮಾತಾಗಲಿಲ್ಲ ಎಂಬ ಪ್ರಶ್ನೆ ಸಹಜ. ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ; ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದ್ದು 1905ರಲ್ಲಿ. ಅಂದಿನಿಂದ ಹಲವು ದಶಕಗಳ ಕಾಲ ಮಧ್ಯಮ ವರ್ಗದ ಮನೆಯ ತೂಗುದೀಪವೆಂದರೆ ಹತ್ತಿಯ ನೂಲು ಸುತ್ತಿದ ಹೆಣೆದ ತಂತಿ, ಅದರ ತುದಿಗೊಂದು ಹೋಲ್ಡರು, ಮೇಲೊಂದು ತಗಡಿನ ಅಥವಾ ಹಾಲುಗಾಜಿನ ಕೊಡೆ. ಅರಗಿನ ಕೊಡೆಗೆ ಅಲ್ಲಿ ಪ್ರವೇಶವಿರಲಿಲ್ಲ.

ಕಾರಣವು ಅರಗಿನ ಗುಣದಲ್ಲಿಯೇ ಇದೆ. ಅರಗಿನ ಮನೆಯ ಕಥೆಯನ್ನು ಬಾಲ್ಯದಲ್ಲಿ ಕೇಳಿದವರಿಗೆ ಅರಗು ಮತ್ತು ಬೆಂಕಿಗಳ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಉರಿಯ ಮಾತು ಹಾಗಿರಲಿ, ಸುಮಾರು 70 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ಅರಗು ಮೆತ್ತಗಾಗತೊಡಗುತ್ತದೆ. ಬರಿಯ ಉಜ್ಜಾಟದ ಬಿಸಿಗೆ ಅದು ಮರಕ್ಕೆ ಹತ್ತಿಕೊಳ್ಳುವುದು ಈ ಗುಣದಿಂದಲೇ. ಹಳೆಯ 60 ವ್ಯಾಟಿನ ತಂತಿ ಬಲ್ಬು ತಾನು ನುಂಗಿದ ವಿದ್ಯುತ್ತಿನಲ್ಲಿ ನೂರಕ್ಕೆ ಹತ್ತು ಪಾಲನ್ನೂ ಬೆಳಕಾಗಿ ಕೊಡುತ್ತಿರಲಿಲ್ಲ, ಮಿಕ್ಕುದೆಲ್ಲ ಶಾಖ. ಅದರ ಗಾಜಿನ ಮೈ 100 ಡಿಗ್ರಿಯನ್ನೂ ಮೀರಿ ಕಾಯುತ್ತಿತ್ತು. ಅಂಥ ಬಲ್ಬಿಗೆ ಚಿಕ್ಕದೊಂದು ಅರಗಿನ ಕೊಡೆಯನ್ನು ಕವುಚಿದರೆ ಬಣ್ಣ ಜಿಗುಟಾಗಿ, ಹೊಳಪು ಕೆಟ್ಟು, ಮರವೂ ಕಂದುವುದು ಖಂಡಿತವಾಗಿತ್ತು. ಕಸುಬನ್ನು ಸಾಧ್ಯವಾಗಿಸಿದ ಗುಣವೇ ದೀಪಕ್ಕೆ ಅಡ್ಡಿಯಾಗಿತ್ತು.

ಈ ಹಗೆಯನ್ನು ತೀರಿಸಿದ್ದು ಎಲ್ಇಡಿ ಬಲ್ಬು. ನೀಲಿ ಬೆಳಕಿನ ಎಲ್ಇಡಿಯನ್ನು ಕಂಡುಹಿಡಿದುದಕ್ಕಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. 2015ರಲ್ಲಿ ಕೇಂದ್ರ ಸರಕಾರದ 'ಉಜಾಲಾ' ಯೋಜನೆ ಆರಂಭವಾದ ಮೇಲೆ ಆ ಬಲ್ಬುಗಳು ಸಾಮಾನ್ಯ ಸಂಸಾರದ ಕೈಗೂ ಎಟಕಿದವು. ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಸುಮಾರು 9 ವ್ಯಾಟಿನ ಎಲ್ಇಡಿ ಕೊಡುತ್ತದೆ. ಶಾಖವೂ ಅದಕ್ಕೆ ತಕ್ಕಂತೆ ಅಲ್ಪ. ಎಲ್ಲೋ ದೂರದ ಪ್ರಯೋಗಶಾಲೆಯಲ್ಲಿ ನಡೆದ ಸಂಶೋಧನೆಯು ಚನ್ನಪಟ್ಟಣದ ಲೇತಿಗೆ ಹೊಸದೊಂದು ಕೆಲಸವನ್ನು ತಂದುಕೊಟ್ಟಿತು.

ಹಾಗೆಂದು ಎಚ್ಚರ ತಪ್ಪಕೂಡದು. ಎಲ್ಇಡಿಯ ಶಾಖ ಬಲ್ಬಿನ ಬುಡದಲ್ಲಿ ಸೇರುತ್ತದೆ. ಗಾಳಿಯಾಡದಿದ್ದರೆ ಒಳಗಿನ ಸೂಕ್ಷ್ಮ ಭಾಗಗಳು ಬೇಗ ಕೆಡುತ್ತವೆ. ಆದುದರಿಂದ ಬಲ್ಲ ಕಸುಬುದಾರರು ಕೊಡೆಯ ನೆತ್ತಿಯ ಬಳಿ ಸುತ್ತಲೂ ಕೆಲವು ಚಿಕ್ಕ ರಂಧ್ರಗಳನ್ನು ಬಿಡುತ್ತಾರೆ. ಬಲ್ಬಿನ ಸುತ್ತ ಎರಡು ಬೆರಳಿನಷ್ಟು ತೆರಪಿರಬೇಕು. ಅರಗನ್ನು ಹೊರಮೈಗೆ ಮಾತ್ರ ಬಳಿಸಿ, ಒಳಮೈಯನ್ನು ಮರದ ಸಹಜವಾದ ಬಿಳುಪಿನಲ್ಲೇ ಉಳಿಸಿಕೊಂಡರೆ ಎರಡು ಲಾಭ: ಬಿಸಿ ಅರಗಿಗೆ ನೇರವಾಗಿ ತಾಕದು, ಬೆಳಕೂ ಒಳಗೆ ಇಂಗಿಹೋಗದೆ ಕೆಳಗೆ ಬೀಳುತ್ತದೆ. ಹಾಲೆ ಮರದ ಕಾಂಡ ಬಹಳ ದಪ್ಪವಲ್ಲದ ಕಾರಣ, ಒಂದೇ ತುಂಡಿನಿಂದ ಕಡೆದ ಕೊಡೆ ಗೇಣಗಲವನ್ನು ಮೀರುವುದು ಅಪರೂಪ. ದೊಡ್ಡ ಕೊಡೆ ಬೇಕಾದರೆ ಬೇರೆ ಮರವನ್ನೋ ಜೋಡಿಸಿದ ತುಂಡುಗಳನ್ನೋ ಒಪ್ಪಬೇಕು.

ಹೋಲ್ಡರು, ತಂತಿ ಮತ್ತು ಗಂಟು

ಕೊಡೆಯನ್ನು ತಂದು ಮನೆಯಲ್ಲಿಯೇ ದೀಪವನ್ನಾಗಿ ಮಾಡಬೇಕೆಂಬ ಉತ್ಸಾಹಿಗಳು ಚನ್ನಪಟ್ಟಣಕ್ಕೆ ಹೊರಡುವ ಮೊದಲು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿಬರುವುದು ಮೇಲು. ಚಿಕ್ಕಪೇಟೆಯ ನೆರೆಯ ಈ ಬೀದಿಯಲ್ಲಿ ವಿದ್ಯುತ್ ಸಾಮಾನುಗಳ ಅಂಗಡಿಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಹೋಲ್ಡರನ್ನು ಮೊದಲೇ ಕೊಂಡು ಲೇತಿನ ಮುಂದೆ ಕುಳಿತವರ ಕೈಗೆ ಕೊಟ್ಟರೆ, ನೆತ್ತಿಯ ತೂತನ್ನು ಅವರು ಅದರ ಅಳತೆಗೆ ಸರಿಯಾಗಿ ಕಡೆದುಕೊಡುತ್ತಾರೆ. ಕೊಡೆಯನ್ನು ಮೊದಲು ಕೊಂಡು, ಆಮೇಲೆ ಹೋಲ್ಡರಿಗಾಗಿ ಅಂಗಡಿ ಅಂಗಡಿ ಅಲೆಯುವ ಪಾಡು ತಪ್ಪುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಕೊಡೆಯನ್ನು ಬಿಗಿಹಿಡಿಯುವ ಬಳೆ ಹಾಗೂ ತಂತಿಯ ಹಿಡಿತ ಎರಡೂ ಇರುವ ತೂಗು ಹೋಲ್ಡರು, 0.75 ಚದರ ಮಿಲಿಮೀಟರಿನ ಮೂರೆಳೆಯ ದುಂಡು ತಂತಿ. ಸೂರಿಗೆ ಹಚ್ಚುವ ಬಟ್ಟಲು. ಅದರೊಳಗೆ ಭಾರ ಹೊರಲು ಕೊಕ್ಕೆ. ತಂತಿ ಕೂಡಿಸುವ ಕನೆಕ್ಟರು. ಎಲ್ಲದರ ಮೇಲೂ ಐಎಸ್ಐ ಮುದ್ರೆಯನ್ನು ನೋಡಿ ಕೊಳ್ಳಬೇಕು. ಇಲ್ಲಿ ಉಳಿಸುವ ಹತ್ತಾರು ರೂಪಾಯಿ ಉಳಿತಾಯವೇ ಅಲ್ಲ.

ತಂತಿಯನ್ನು ಮೊದಲು ಸೂರಿನ ಬಟ್ಟಲಿನ ಮೂಲಕ, ಬಳಿಕ ಹೋಲ್ಡರಿನ ಮುಚ್ಚಳದ ಮೂಲಕ ತೂರಿಸಿಕೊಂಡು ಆಮೇಲೆಯೇ ತುದಿಗಳನ್ನು ಬಿಡಿಸಬೇಕು. ಈ ಕ್ರಮವನ್ನು ಮರೆತವರು ಎಲ್ಲವನ್ನೂ ಬಿಗಿದ ಮೇಲೆ ಮತ್ತೆ ಬಿಚ್ಚಬೇಕಾಗುತ್ತದೆ. ತುದಿಯ ಹೊದಿಕೆಯನ್ನು ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಸುಲಿದು, ತಾಮ್ರದ ಎಳೆಗಳನ್ನು ಒಟ್ಟಿಗೆ ಹೊಸೆದು ತಿರುಪಿನ ಕೆಳಗೆ ಸೇರಿಸಬೇಕು. ಒಂದೇ ಒಂದು ಎಳೆ ಹೊರಗೆ ಚಾಚಿಕೊಂಡರೂ ಅದು ನೆರೆಯ ತುದಿಯನ್ನು ಮುಟ್ಟಿ ಅನಾಹುತವಾಗಬಹುದು. ತಿರುಪಿನ ಹೋಲ್ಡರಾದರೆ ನಡುವಿನ ಬಿಂದುವಿಗೆ ಫೇಸು, ಸುತ್ತಲಿನ ತಿರುಪುಬಳೆಗೆ ನ್ಯೂಟ್ರಲ್ ಎಂಬ ನಿಯಮವನ್ನು ಮೀರುವಂತಿಲ್ಲ. ಬಲ್ಬು ಬದಲಾಯಿಸುವ ಕೈ ತಾಗುವುದು ಆ ಬಳೆಗೇ. ಹೊಸ ತಂತಿಗಳಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್, ಹಸುರು-ಹಳದಿ ಅರ್ತ್. ಹಳೆಯ ಮನೆಗಳ ಗೋಡೆಯೊಳಗೆ ಕೆಂಪು, ಕಪ್ಪು, ಹಸುರು ಇರುತ್ತವೆ. ಹೋಲ್ಡರು ಲೋಹದ್ದಾದರೆ, ಸೂರಿನ ಬಟ್ಟಲು ಲೋಹದ್ದಾದರೆ, ಅವುಗಳಿಗೆ ಅರ್ತ್ ತಂತಿಯನ್ನು ಸೇರಿಸಲೇಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಕಣ್ಣಿಗೆ ಕಾಣದ ಸಂಗತಿ. ಕೊಡೆಯ ಭಾರವು ಎಂದಿಗೂ ತಾಮ್ರದ ಎಳೆಗಳ ಮೇಲಾಗಲಿ, ಅವು ಸೇರಿದ ತಿರುಪುಗಳ ಮೇಲಾಗಲಿ ಬೀಳಕೂಡದು. ಹೋಲ್ಡರಿನ ಹಿಡಿತವು ತಂತಿಯ ಹೊರಹೊದಿಕೆಯನ್ನು ಗಟ್ಟಿಯಾಗಿ ಕಚ್ಚಿರಬೇಕು. ಮೇಲೆ ಬಟ್ಟಲಿನೊಳಗೂ ಹಾಗೆಯೇ ಹಿಡಿತ ಅಥವಾ ಗಂಟು ಇದ್ದು, ಭಾರವೆಲ್ಲ ಕೊಕ್ಕೆಗೆ ಇಳಿಯಬೇಕು. ದೇವರ ಮನೆಯಲ್ಲಿ ತೂಗುವ ಹಿತ್ತಾಳೆಯ ದೀಪವನ್ನು ಸರಪಣಿ ಹೊರುತ್ತದೆ, ಬತ್ತಿಯಲ್ಲ. ವಿದ್ಯುದ್ದೀಪಕ್ಕೂ ಅದೇ ಧರ್ಮ. ಮೇಜಿನ ಮೇಲೆಯೇ ಕೊಡೆಯನ್ನು ಹಿಡಿದು ತಂತಿಯನ್ನು ಬಲವಾಗಿ ಜಗ್ಗಿ ನೋಡಿ, ಒಳಗಿನ ಎಳೆಗಳು ಕೂದಲೆಳೆಯಷ್ಟೂ ಅಲುಗಲಿಲ್ಲವೆಂದಾದರೆ ಆ ದೀಪದ ಕೆಳಗೆ ಮಕ್ಕಳನ್ನು ಕೂರಿಸಬಹುದು.

ಸೂರಿಗೆ ಸೇರಿಸುವಾಗ ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದು. ಎಷ್ಟೋ ಮನೆಗಳಲ್ಲಿ ಸ್ವಿಚ್ಚು ತಪ್ಪಾಗಿ ನ್ಯೂಟ್ರಲ್ ತಂತಿಯ ಮೇಲಿರುವುದುಂಟು; ಆಗ ದೀಪ ಆರಿದ್ದರೂ 230 ವೋಲ್ಟು ಸೂರಿನಲ್ಲಿ ಕಾದುಕೊಂಡೇ ಇರುತ್ತದೆ. ಮೇನ್ ಸ್ವಿಚ್ಚನ್ನೇ ತೆಗೆಯಬೇಕು. ಟೆಸ್ಟರು ಸರಿಯಾಗಿದೆಯೇ ಎಂದು ವಿದ್ಯುತ್ತಿರುವ ಜಾಗದಲ್ಲಿ ಮೊದಲೇ ಪರೀಕ್ಷಿಸಿಕೊಂಡು, ಬಳಿಕ ಸೂರಿನ ತಂತಿಗಳನ್ನು ಮುಟ್ಟಿಸಿ ನೋಡಬೇಕು. ಮೇಜಿನ ಮೇಲಿನ ಕೆಲಸವನ್ನು ಮನೆಯವರೇ ಮಾಡಿಕೊಂಡು, ಏಣಿಯ ಮೇಲಿನ ಕೆಲಸವನ್ನು ಪರವಾನಗಿಯುಳ್ಳ ವೈರ್‌ಮನ್ನನಿಗೆ ಬಿಟ್ಟರೆ ಯಾರ ಹಿರಿಮೆಗೂ ಕುಂದಿಲ್ಲ. ಮನೆಗೆ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕವಿದ್ದರೆ ಇನ್ನೂ ಕ್ಷೇಮ.

ಮನೆಯೊಳಗಿನ ಚನ್ನಪಟ್ಟಣ

ಮರದ ಕೊಡೆಯ ಮೂಲಕ ಬೆಳಕು ಹಾಯುವುದಿಲ್ಲ. ಅದು ಕೆಳಮುಖವಾಗಿ ಮಾತ್ರ ಬೀಳುತ್ತದೆ. ಆದ್ದರಿಂದ ಇಡೀ ಕೋಣೆಯನ್ನು ಬೆಳಗಲು ಇದು ತಕ್ಕುದಲ್ಲ. ಊಟದ ಮೇಜು, ಓದುವ ಮೂಲೆ, ಅಜ್ಜಿ ಹೂ ಕಟ್ಟುವ ಜಗಲಿ ಇದರ ಸ್ಥಾನ. ಊಟದ ಮೇಜಿನಿಂದ 75ರಿಂದ 90 ಸೆಂಟಿಮೀಟರು ಮೇಲೆ ತೂಗಿದರೆ ಬಲ್ಬು ಕಣ್ಣನ್ನು ಕುಕ್ಕುವುದಿಲ್ಲ, ಎದುರಿನವರ ಮುಖವೂ ಮರೆಯಾಗುವುದಿಲ್ಲ. ಫ್ಯಾನಿನ ಸಮೀಪ ಮಾತ್ರ ತೂಗಬಾರದು. ದೀಪ ಓಲಾಡುವುದಲ್ಲದೆ ರೆಕ್ಕೆಗಳ ನೆರಳು ತಟ್ಟೆಯ ಮೇಲೆ ಕುಣಿಯುತ್ತದೆ. ಬಿಳಿಯ ಬೆಳಕಿಗಿಂತ ಹಳದಿ ಛಾಯೆಯ ಬೆಳಕು ಹಾಲೆ ಮರದ ದಂತವರ್ಣಕ್ಕೆ ಒಪ್ಪುತ್ತದೆ. ಧೂಳನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಸ್ಪಿರಿಟು ಬೆರೆತ ದ್ರವವನ್ನು ತಾಕಿಸಲೇಬಾರದು. ಅರಗು ಅದರಲ್ಲಿ ಕರಗಿಹೋಗುತ್ತದೆ.

ಗೊಂಬೆಯ ಆಯುಸ್ಸು ಮಗುವಿನ ಬಾಲ್ಯದಷ್ಟು. ಮಗು ಬೆಳೆದೊಡನೆ ಅದು ಅಟ್ಟ ಸೇರುತ್ತದೆ. ಮತ್ತೊಂದು ಮಗು ಬರುವ ತನಕ ಸಂಸಾರಕ್ಕೆ ಚನ್ನಪಟ್ಟಣದ ನೆನಪಾಗುವುದಿಲ್ಲ. ದೀಪವಾದರೋ ದಿನವೂ ಸಂಜೆ ಹೊತ್ತಿಸುವ ವಸ್ತು. ಹೆದ್ದಾರಿಯು ಬಳಸಿ ಹೋದ ಊರಿಗೆ ದಾರಿಹೋಕರು ಇನ್ನು ತಾವಾಗಿ ಬರಲಾರರು; ಬೇಕೆಂದೇ ಬರುವವರು ಬರಬೇಕು. ಕೈಯಲ್ಲೊಂದು ಹೋಲ್ಡರನ್ನು ಹಿಡಿದು, ತಮಗೆ ಬೇಕಾದ ಆಕಾರವನ್ನು ಕಾಗದದ ಮೇಲೆ ಗೀಚಿಕೊಂಡು ಬರುವ ಗಿರಾಕಿಯನ್ನು ಕಂಡರೆ ಲೇತಿನ ಮುಂದಿನವರು ಕೆಲಸವನ್ನು ನಿಲ್ಲಿಸಿ ಮಾತಿಗೆ ಕೂರುತ್ತಾರೆ. ಅಗಲವೆಷ್ಟು, ತೂತೆಷ್ಟು, ಯಾವ ಬಣ್ಣದ ಪಟ್ಟೆ ಎಲ್ಲಿರಬೇಕು ಎಂಬ ಚರ್ಚೆ ನಡೆಯುತ್ತದೆ. ಭಾನುವಾರ ಬೆಳಗಿನ ರೈಲಿನಲ್ಲಿ ಹೋದ ಸಂಸಾರವು ಸಂಜೆಯ ರೈಲಿಗೆ ಮರಳಬಹುದು. ಕೊಡೆಯು ಕೂಡಲೇ ಸಿದ್ಧವಾಗದಿದ್ದರೆ ಮತ್ತೊಂದು ಭಾನುವಾರ ಬರಬೇಕಾದೀತು. ಚನ್ನಪಟ್ಟಣದವರು ಅದಕ್ಕೆ ಬೇಸರಪಡುವುದಿಲ್ಲ.