ಹೊಳೆ ಹೊತ್ತ ಮಣ್ಣು

ಕಂಬಂ ಕಣಿವೆಯ ನಮ್ಮ ಕನ್ನಡ ಮನೆಗಳಲ್ಲಿ ನೀರಿನ ಮಾತೇ ಮಾತು. 1895ರಿಂದ ಪೆರಿಯಾರ್ ನೀರು ಸುರಂಗ ದಾಟಿ ಬರ್ತಾ ಇದೆಯಲ್ಲ! ಮಣ್ಣಿನ ಮಾತಾಡಿದವರು ನಮ್ಮ ತಾತ. ನೆರೆ ಇಳಿದು ಗೋಡು ನಿಂತ ಗದ್ದೆಗೆ ಗೊಬ್ಬರ ಯಾಕೆ ಅನ್ನೋರು.

ವೈಗೈ ಹುಟ್ಟೋದು ವರುಸನಾಡು ಬೆಟ್ಟದಲ್ಲಿ. ಅಲ್ಲಿ ಕಾಡು ಕಡಿದ ಇಳಿಜಾರು ಮಳೆಗೆ ಕರಗುತ್ತೆ. ರಭಸ ಇರುವಷ್ಟು ದೂರ ಹೊಳೆ ದಡ ಕೊರೆದು ಮಣ್ಣು ಹೊರುತ್ತೆ. ನಿಧಾನವಾದಲ್ಲಿ ಮೊದಲು ಮರಳು, ಆಮೇಲೆ ನುಣ್ಣನೆ ಗೋಡು ಇಳಿಸುತ್ತೆ. 1959ರಲ್ಲಿ ಆಂಡಿಪಟ್ಟಿ ಹತ್ತಿರ ಅಣೆಕಟ್ಟು ಎದ್ದ ಮೇಲೆ ಆ ಹೊರೆ ಬಹುಪಾಲು ಅಲ್ಲೇ ಇಳೀತಿದೆ. ಕೆಳಗೆ ರಾಮನಾಥಪುರದ ಕಡಲಂಚಿಗೆ ನೀರು ಮುಟ್ಟೋದೇ ಅಪರೂಪ, ಇನ್ನು ಮರಳೆಲ್ಲಿ?

‘71 ಅಡಿ ತುಂಬಿತು’ ಅಂತ ಪೇಪರಲ್ಲಿ ಓದಿ ಖುಷಿಪಡ್ತೀವಿ. ಅದರಲ್ಲಿ ಹೂಳೆಷ್ಟು ಅಂತ ನಮ್ಮ ಟೀ ಅಂಗಡೀಲಿ ಯಾರೂ ಕೇಳಲ್ಲ. ಬೇಸಿಗೆ ಬಂದರೆ ಮಾತ್ರ, ಊರ ಕೆರೆ ಹೂಳಿಗೆ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ತೆಂಗಿನ ಬುಡಕ್ಕೆ ತಂದು ಹಾಕ್ತೀವಿ.